ಭದ್ರಾವತಿಯಲ್ಲಿ ಮಧ್ಯಮ ಶ್ರುತಿ

೧೯೯೮ರ ಜೂನ್ ತಿಂಗಳು, ಶನಿವಾರ, ಬೆಳಿಗ್ಗೆ ಆರೂವರೆ. ಸ್ಥಳ: ಶಿವಮೊಗ್ಗದ ವಿನೋಬನಗರ, ನಮ್ಮ ಮನೆಯ ಗೇಟು. ಹಾಜರಿದ್ದವರು: ಪಿಟೀಲು ಮೇಷ್ಟ್ರು, ಕೊಳಲು ನುಡಿಸುವ ಬ್ಯಾಂಕ್ ಕ್ಯಾಷಿಯರ್, ಪಕ್ಕದ ಮನೆಯ ವೀಣೆ ಅಕ್ಕ, ಮೃದಂಗದ ಲೆಕ್ಚರರ್, ಮತ್ತು ಎರಡನೇ ಪಿಟೀಲು ಹಾಗೂ ಕಾರ್ಯದರ್ಶಿಯಾದ ನಾನು. ಕ್ಲಾರಿಯೊನೆಟ್ಟಿನ ಹಿರಿಯರು ಭದ್ರಾವತಿಯವರೇ ಆದ್ದರಿಂದ ನೇರ ಶಾಲೆಗೆ ಬರುವವರಿದ್ದರು. ಗೈರುಹಾಜರಿ: ಮೆಟಡಾರ್ ವ್ಯಾನು.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು. ಬೆಲ್ ಹೊಡೆದ ಮೇಲೆ ಬಂದವರನ್ನು ಒಳಗೆ ಬಿಟ್ಟ ಅಭ್ಯಾಸವಿಲ್ಲ. ಆದರೆ ವ್ಯಾನನ್ನು ಬೆಂಚಿನ ಮೇಲೆ ನಿಲ್ಲಿಸಲು ಆಗುವುದಿಲ್ಲ. ಸಣ್ಣಗೆ ಹನಿಯುತ್ತಿದ್ದ ಮಳೆಯಲ್ಲಿ ವಾದ್ಯಗಳ ಮೇಲೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಹೊದಿಸಿ ಕಾದೆವು. ವ್ಯಾನು ಬಂದಾಗ ಡ್ರೈವರ್ ಏನೋ ಹೇಳಲು ಬಾಯಿ ತೆರೆದ. ಕ್ಯಾಷಿಯರ್ ತಡೆದರು.

"ಕಾರಣ ಹೇಳ್ಬೇಡ ಮಾರಾಯ. ಮೇಡಂ ಲೀವ್ ಲೆಟರ್ ಕೇಳ್ತಾರೆ."

ನಮ್ಮ ವಾದ್ಯವೃಂದ ಶುರುವಾದದ್ದು ಯಾವ ದೊಡ್ಡ ಉದ್ದೇಶದಿಂದಲೂ ಅಲ್ಲ. ನಾನು ನಿವೃತ್ತಿಯಾದ ತಿಂಗಳೇ, ಹುಡುಗಿಯಾಗಿದ್ದಾಗ ಬಿಟ್ಟಿದ್ದ ಪಿಟೀಲನ್ನು ಮತ್ತೆ ಹಿಡಿದು ಮೇಷ್ಟ್ರ ಮನೆಗೆ ಪಾಠಕ್ಕೆ ಹೋದೆ. ಮೇಷ್ಟ್ರು ನನಗಿಂತ ಹತ್ತು ವರ್ಷ ದೊಡ್ಡವರು. ಅಲ್ಲಿಗೆ ಬರುತ್ತಿದ್ದ ನಾಲ್ಕಾರು ಜನ ಸೇರಿ ಬುಧವಾರ ಸಂಜೆ ಒಟ್ಟಿಗೆ ನುಡಿಸತೊಡಗಿದೆವು. ಆರು ತಿಂಗಳಾದ ಮೇಲೆ ಒಂದು ಕಚೇರಿ ಇಟ್ಟೆವು. ಸಭೆಯಲ್ಲಿ ನಮ್ಮ ನಮ್ಮ ಮನೆಯವರೇ ಇದ್ದರು, ಅವರಲ್ಲೂ ಅರ್ಧ ಜನ ಧಾರಾವಾಹಿಯ ಹೊತ್ತಿಗೆ ಎದ್ದು ಹೋದರು. ಕೇಳುವವರು ನಮ್ಮಲ್ಲಿಗೆ ಬಾರದಿದ್ದರೆ ನಾವೇ ಅವರಿರುವಲ್ಲಿಗೆ ಹೋಗೋಣ ಎಂದು ನಾನು ಹೇಳಿದೆ. ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಕ್ಯಾಷಿಯರ್.

"ಶಾಲೆಗೆ ಹೋಗೋಣ ಮೇಡಂ. ಮಕ್ಕಳು ಎದ್ದು ಹೋಗೋ ಹಾಗಿಲ್ಲ. ಅದಕ್ಕಿಂತ ಒಳ್ಳೆ ಸಭಿಕರು ಎಲ್ಲಿ ಸಿಗ್ತಾರೆ?"

ಹೀಗೆ ಶನಿವಾರದ ಶಾಲೆಗಳು ಶುರುವಾದವು. ಕ್ರಮ ಎಲ್ಲ ಕಡೆಯೂ ಒಂದೇ. ಮೊದಲು ಒಂದೊಂದೇ ವಾದ್ಯದ ಪರಿಚಯ. ಆಮೇಲೆ ಒಂದೇ ಮಟ್ಟನ್ನು ವಾದ್ಯದಿಂದ ವಾದ್ಯಕ್ಕೆ ದಾಟಿಸುವುದು, ಮಕ್ಕಳು ಕಣ್ಣು ಮುಚ್ಚಿಕೊಂಡು ಯಾವ ವಾದ್ಯ ಎಂದು ಕೂಗುವುದು. ಕೊನೆಗೆ ಮುಟ್ಟಿ ನೋಡುವ ಹೊತ್ತು: ಸಾಲಾಗಿ ಬಂದು ವೀಣೆಯ ತಂತಿ ಮೀಟಬಹುದು, ಮೃದಂಗಕ್ಕೆ ಎರಡು ಪೆಟ್ಟು ಹಾಕಬಹುದು. ಈ ಕೊನೆಯ ಭಾಗಕ್ಕೆ ಮೇಷ್ಟ್ರ ಒಪ್ಪಿಗೆ ಇರಲಿಲ್ಲ. "ಪಿಟೀಲು ಏನು ಕರುವಾ, ಸವರಿ ನೋಡೋದಕ್ಕೆ?" ಎನ್ನುತ್ತಿದ್ದರು. ಆದರೆ ಮಕ್ಕಳ ಸಾಲು ಬಂದಾಗ ತಮ್ಮ ಪಿಟೀಲನ್ನು ಅವರೇ ಹಿಡಿದು ಕೊಡುತ್ತಿದ್ದರು, ಕಮಾನು ಹಿಡಿದ ಪುಟ್ಟ ಬೆರಳುಗಳನ್ನು ಒಂದೊಂದಾಗಿ ತಿದ್ದುತ್ತಿದ್ದರು, ಸಾಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ.

ಆ ದಿನದ ಶಾಲೆ ಭದ್ರಾವತಿಯ ನ್ಯೂಟೌನಿನಲ್ಲಿತ್ತು. ಹಿಂದಿನ ವರ್ಷವೂ ಅಲ್ಲಿಗೆ ಹೋಗಿದ್ದೆವು. ಬೇರೆ ಶಾಲೆಗಳಲ್ಲಿ ಇಲ್ಲದ್ದು ಅಲ್ಲಿ ಒಂದಿತ್ತು: ಸಂಗೀತಕ್ಕೇ ಒಬ್ಬ ಟೀಚರ್. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಶಾಲೆಯ ಹಳೇ ಹಾರ್ಮೋನಿಯಂ ಒಂದನ್ನು ಇಟ್ಟುಕೊಂಡು ಐದರಿಂದ ಏಳನೇ ತರಗತಿಯವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಪೀರಿಯಡ್ ಹಾಡು ಕಲಿಸುತ್ತಿದ್ದಳು. ಆ ಮಕ್ಕಳಲ್ಲಿ ಹೆಚ್ಚಿನವರು ಕಾರ್ಖಾನೆ ಕೆಲಸಗಾರರ ಮನೆಯವರು. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ನಾಲ್ವರು ಕೂತು, ಜಗಳವನ್ನು ನಾಲ್ಕು ಭಾಷೆಯಲ್ಲಿ ಆಡಿ, ಹಾಡನ್ನು ಒಂದೇ ಭಾಷೆಯಲ್ಲಿ ಹಾಡುತ್ತಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಆ ಟೀಚರ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ವಿನೋಬನಗರದಲ್ಲಿ ಕೇಳಿಕೊಂಡು ನಮ್ಮ ಮನೆ ಹುಡುಕಿದಳು. ನಮ್ಮ ಯಜಮಾನರು ಊಟ ಮಾಡಿ ಹಾಲಿನ ದಿವಾನದ ಮೇಲೆ ಮಲಗಿದ್ದರು. ನಾವಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕೂತು ಪಿಸುದನಿಯಲ್ಲಿ ಮಾತಾಡಿದೆವು.

"ಮೇಡಂ, ಈ ವರ್ಷದಿಂದ ಸಂಗೀತದ ಪೀರಿಯಡ್ ತೆಗೀತಾರಂತೆ. ಎರಡನ್ನೂ ಗಣಿತಕ್ಕೆ ಕೊಡ್ತಾರಂತೆ."

ಗಣಿತ ಎಂದು ಹೇಳುವಾಗ ನನ್ನ ಮುಖ ನೋಡಿ ಅವಳು ಸ್ವಲ್ಪ ತಡವರಿಸಿದಳು. ಪೀರಿಯಡ್ ಹೋದರೆ ಅವಳ ಕೆಲಸವೂ ಹೋಯಿತು. ಮನೆಪಾಠ ಹೇಳಿ ಬದುಕಬಹುದಲ್ಲ ಎಂದೆ.

"ಬದುಕಬಹುದು ಮೇಡಂ. ಆದ್ರೆ ಮನೆಪಾಠಕ್ಕೆ ಬರೋರು ಬೇರೆ ಮಕ್ಕಳು. ಇವರು ಬರಲ್ಲ. ಇವರಿಗೆ ಶಾಲೇಲಿ ಇದ್ರೆ ಉಂಟು, ಇಲ್ದಿದ್ರೆ ಇಲ್ಲ."

ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಅವಳಿಗೆ ಒಂದೇ ಒಂದು ಅವಕಾಶ ಕೊಟ್ಟಿದ್ದರು. ಜೂನ್‌ನಲ್ಲಿ ಟೈಂಟೇಬಲ್ ಅಂತಿಮ ಆಗುವ ಮೊದಲು ಮಕ್ಕಳು ಏನು ಕಲಿತಿದ್ದಾರೆ ಎಂದು ತೋರಿಸಬೇಕು. ಅವಳ ಆಸೆ ಇಷ್ಟು: ಮಕ್ಕಳು ಹಾಡಬೇಕು, ನಮ್ಮ ವಾದ್ಯವೃಂದ ಜೊತೆಗೆ ನುಡಿಸಬೇಕು. ಅವಳೇ ಕಟ್ಟಿದ ಹಾಡು, ಭದ್ರಾ ನದಿಯ ಮೇಲಿನದು. ನಮ್ಮವರ ನಿದ್ದೆ ಕೆಡಬಾರದೆಂದು ಮೆಲ್ಲಗೆ, ತಗ್ಗಿನ ದನಿಯಲ್ಲಿ ಹಾಡಿ ತೋರಿಸಿದಳು. ಸ್ವರಗಳನ್ನು ಸ-ರಿ-ಗ ಎಂದು ಬರೆದು ಕೊಟ್ಟಳು. ಶಾಲೆಗೆ ರಜೆ, ಮಕ್ಕಳು ಊರಲ್ಲಿಲ್ಲ, ಹಾಗಾಗಿ ಮಕ್ಕಳೊಂದಿಗೆ ಕೂಡಿ ಅಭ್ಯಾಸ ಮಾಡುವ ಮಾತೇ ಇರಲಿಲ್ಲ. ಮುಂದಿನ ಬುಧವಾರಗಳಲ್ಲಿ ನಾವು ನಾವೇ ಆ ಹಾಡನ್ನು ನುಣುಪಾಗಿ ಕೂರಿಸಿದೆವು.

ಆ ಶನಿವಾರ ನಮ್ಮ ವ್ಯಾನು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ದಾಟುವಾಗ ಮಳೆ ನಿಂತಿತ್ತು. ಶೆಡ್ಡುಗಳಲ್ಲಿ ಆಗಲೇ ಗ್ರೈಂಡಿಂಗ್ ಸದ್ದು ಶುರುವಾಗಿತ್ತು. ಶಾಲೆ ಮುಟ್ಟಿದಾಗ ಕ್ಲಾರಿಯೊನೆಟ್ಟಿನ ಹಿರಿಯರು ಗೇಟಿನಲ್ಲೇ ಇದ್ದರು, ಕಾರ್ಖಾನೆಯ ಬ್ಯಾಂಡಿನಲ್ಲಿ ನುಡಿಸಿ ನಿವೃತ್ತರಾದವರು, ತಮಿಳು ಮನೆಮಾತಿನವರು, ಇಸ್ತ್ರಿ ಮಾಡಿದ ಬಿಳಿ ಶರ್ಟು.

"ವಾಂಗ ವಾಂಗ, ಶಿವಮೊಗ್ಗ ಟೀಂ ಲೇಟು! ನಾನು ಆವಾಗ್ಲೇ ಬಂದು ಇಡ್ಲಿ ತಿಂದು ಮುಗಿಸ್ದೆ."

ಹಾಲಿನಲ್ಲಿ ಜಮಖಾನ ಹಾಸಿ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಟೀಚರ್ ಹಸಿರು ಸೀರೆ ಉಟ್ಟು, ಹಾರ್ಮೋನಿಯಂನ ಧೂಳನ್ನು ಇನ್ನೊಮ್ಮೆ ಒರೆಸುತ್ತಿದ್ದಳು. ಹೆಡ್‌ಮಾಸ್ಟರರು ಮುಂದೆ ಎರಡು ಕುರ್ಚಿ ಹಾಕಿಸಿದ್ದರು. ಅಧ್ಯಕ್ಷರು ಸ್ಕೂಟರಿನಲ್ಲಿ ಬಂದರು. ಮಾಚೇನಹಳ್ಳಿಯಲ್ಲಿ ಎರಕದ ವರ್ಕ್‌ಶಾಪ್ ಇಟ್ಟಿದ್ದ ಗಟ್ಟಿ ಆಳು, ಹಣೆಯಲ್ಲಿ ವಿಭೂತಿ. ನನಗೆ ನಮಸ್ಕಾರ ಮಾಡಿ ನೇರ ಮಾತಿಗೆ ಬಂದರು.

"ನೀವು ಗಣಿತದ ಮೇಡಂ ಅಂತೆ. ನೀವೇ ಹೇಳಿ, ಈ ಮಕ್ಕಳಿಗೆ ಯಾವುದು ಬೇಕು? ನಾನು ಗಣಿತದಲ್ಲಿ ಮೂವತ್ತೈದು ತಗೊಂಡು ಪಾಸಾದೋನು. ಇವತ್ತಿಗೂ ಕೊಟೇಷನ್ ಬರೆಯೋಕೆ ಅಳಿಯನ್ನ ಕರೀಬೇಕು."

"ಎರಡೂ ಬೇಕು," ಎಂದೆ.

"ಎಲ್ಲರೂ ಹಂಗೇ ಹೇಳ್ತೀರಿ. ದಿನಕ್ಕೆ ಎಷ್ಟು ಪೀರಿಯಡ್ ಇರುತ್ತೆ ಅಂತ ಮಾತ್ರ ಯಾರೂ ಹೇಳಲ್ಲ. ಬೇಗ ಮುಗಿಸಿ ಮೇಡಂ, ಇವತ್ತು ಎರಕ ಹುಯ್ಯೋದಿದೆ."

ಕಾರ್ಯಕ್ರಮ ಶುರುವಾಯಿತು. ವೀಣೆ ಅಕ್ಕ ಹಾವಿನ ಹಾಗೆ ಸ್ವರ ಬಳುಕಿಸಿ ತೋರಿಸಿದರು. ಲೆಕ್ಚರರ್ ಮೃದಂಗದಲ್ಲಿ ರೈಲು ಹೊರಡಿಸಿ, ಸೇತುವೆ ದಾಟಿಸಿ, ಸ್ಟೇಷನ್ನಿನಲ್ಲಿ ನಿಲ್ಲಿಸಿದರು. ಮಕ್ಕಳು ಕುಣಿದಾಡಿಬಿಟ್ಟರು. ಮೇಷ್ಟ್ರು ಕಣ್ಣು ಮುಚ್ಚಿ ಒಂದು ಪುಟ್ಟ ಆಲಾಪನೆ ತೆಗೆದರು. ಅದು ಮೇಲಕ್ಕೆ ಏರಿ ನಿಂತ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಸೈರನ್ನು ಕೂಗಿತು. ಶಿವಮೊಗ್ಗದ ನಾವೆಲ್ಲ ಕೂತಲ್ಲೇ ಬೆಚ್ಚಿದೆವು. ಭದ್ರಾವತಿಯ ಮಕ್ಕಳು ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ. ಹುಟ್ಟಿದಾಗಿನಿಂದ ಕೇಳುತ್ತಿದ್ದವರಿಗೆ ಅದು ಗಡಿಯಾರ. ಮೇಷ್ಟ್ರು ಕಮಾನು ಎತ್ತಿ ಹಿಡಿದು ಸೈರನ್ನು ಮುಗಿಯುವವರೆಗೆ ಕಿಟಕಿಯನ್ನೇ ದುರುಗುಟ್ಟಿ ನೋಡಿದರು.

"ಸಾರ್, ಸೈರನ್ ಶ್ರುತಿ ಬಿಟ್ಟಿಲ್ಲ," ಎಂದರು ಕ್ಯಾಷಿಯರ್. "ಜಾಗ ಬಿಟ್ಟಿದೆ ಅಷ್ಟೆ."

ಅಧ್ಯಕ್ಷರು ಕೂಡ ನಕ್ಕರು. ಎಲ್ಲ ಸಲೀಸಾಗಿ ನಡೆಯುತ್ತಿದೆ ಎನಿಸಿತು. ಮುಂದಿನದು ಮಕ್ಕಳ ಹಾಡು.

ಟೀಚರ್ ಹಾರ್ಮೋನಿಯಂ ಮುಟ್ಟಲಿಲ್ಲ. ದೊಡ್ಡ ವಾದ್ಯಗಳ ಮುಂದೆ ಅದು ಬೇಡ, ನೀವೇ ಎತ್ತಿಕೊಡಿ ಎಂದು ಮೊದಲೇ ಹೇಳಿದ್ದಳು. ಅವಳು ಮಕ್ಕಳ ಮುಂದೆ ನಿಂತು ಕೈ ಎತ್ತಿದಳು. ನಾವು ಮೊದಲ ಸಾಲು ನುಡಿಸಿದೆವು. ಬುಧವಾರಗಳ ಶ್ರಮ ಕೇಳುವ ಹಾಗಿತ್ತು, ಆರೂ ವಾದ್ಯ ಒಂದೇ ದಾರದಲ್ಲಿ ಪೋಣಿಸಿದಂತೆ. ಮಕ್ಕಳು ಬಾಯಿ ತೆರೆದರು.

ಸದ್ದೇ ಬರಲಿಲ್ಲ.

ಬರಲಿಲ್ಲ ಎಂದರೆ, ಕೆಳಗಿನಿಂದ ಏನೋ ಗೊರಗೊರ ಎಂದಿತು. ಆ ಹಾಡು ಷಡ್ಜದ ಕೆಳಗಿನ ಸ್ವರದಿಂದ ಶುರುವಾಗುತ್ತದೆ. ನಮ್ಮ ಶ್ರುತಿಯಲ್ಲಿ ಅದು ಎಷ್ಟು ತಗ್ಗಿನಲ್ಲಿತ್ತೆಂದರೆ ಹತ್ತು ಹನ್ನೆರಡು ವರ್ಷದ ಗಂಟಲುಗಳಿಗೆ ಅಲ್ಲಿಗೆ ಇಳಿಯಲು ಮೆಟ್ಟಿಲೇ ಇರಲಿಲ್ಲ. ಮುಂದಿನ ಸಾಲಿನ ಹುಡುಗಿಯರು ಗದ್ದವನ್ನು ಎದೆಗೆ ಒತ್ತಿ ಪ್ರಯತ್ನಿಸಿದರು. ಹಿಂದಿನ ಸಾಲಿನ ಹುಡುಗರು ಕೆಳಗೆ ಆಗಲಿಲ್ಲವೆಂದು ಒಮ್ಮೆಗೇ ಮೇಲಕ್ಕೆ ಹಾರಿ ಕಿರುಚಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು ನಗುತ್ತಿದ್ದರು, ಉಳಿದವರು ಟೀಚರ್ ಮುಖ ನೋಡುತ್ತಿದ್ದರು. ನಾವು ನಿಲ್ಲಿಸಿದೆವು.

ತಪ್ಪು ಏನೆಂದು ನಮ್ಮೆಲ್ಲರಿಗೂ ಒಟ್ಟಿಗೇ ಹೊಳೆಯಿತು. ಸ-ರಿ-ಗ ಎಂದು ಬರೆದ ಹಾಳೆ ಹಾಡಿನ ನಡಿಗೆಯನ್ನು ಹೇಳುತ್ತದೆ, ಎಷ್ಟು ಎತ್ತರದಲ್ಲಿ ನಡೆಯಬೇಕು ಎಂಬುದನ್ನು ಹೇಳುವುದಿಲ್ಲ. ಷಡ್ಜ ಎಲ್ಲಿ ಎಂಬುದು ಅವರವರ ಅನುಕೂಲ. ಅವಳು ಮಕ್ಕಳಿಗೆ ಕಲಿಸಿದ್ದು ಹಾರ್ಮೋನಿಯಂನ ನಾಲ್ಕನೇ ಮನೆಯಲ್ಲಿ, ಎಂದರೆ ನಾಲ್ಕನೇ ಬಿಳಿ ಕೀಲಿಯ ಎತ್ತರದಲ್ಲಿ. ನಾವು ಕೂರಿಸಿದ್ದು ನಮ್ಮ ವಾದ್ಯಗಳಿಗೆ ಒಗ್ಗುವ ಒಂದನೇ ಮನೆಯಲ್ಲಿ. ಸಂಗೀತಗಾರರೆಂದು ಕರೆಸಿಕೊಳ್ಳುವ ಆರು ಜನರಲ್ಲಿ ಒಬ್ಬರಾದರೂ ಶ್ರುತಿ ಯಾವುದೆಂದು ಕೇಳಿರಲಿಲ್ಲ.

"ಶ್ರುತಿ ಹೇಳ್ಬೇಕಲ್ಲೇನಮ್ಮಾ!" ಮೇಷ್ಟ್ರು ಪಿಸುಗುಟ್ಟಿದರು. ಅವರ ಪಿಸುಮಾತು ಕೊನೆಯ ಸಾಲಿಗೂ ಕೇಳಿಸುತ್ತಿತ್ತು.

"ಕೇಳ್ಬೇಕಿತ್ತಲ್ಲ ನಾವೂ," ಎಂದರು ವೀಣೆ ಅಕ್ಕ.

"ನನ್ನ ನಾಲ್ಕರ ಕೊಳಲು ಮನೇಲಿದೆ," ಎಂದರು ಕ್ಯಾಷಿಯರ್. "ದೇವರ ಫೋಟೋ ಹಿಂದೆ."

ಅಧ್ಯಕ್ಷರು ಗಡಿಯಾರ ನೋಡಿಕೊಂಡು ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತೀರ್ಮಾನಕ್ಕೆ ಬಂದವರ ಮುಖ. ಹೆಡ್‌ಮಾಸ್ಟರರ ಕಡೆ ಬಾಗಿ, "ನೋಡಿದ್ವಲ್ಲ ಸಾರ್," ಎಂದರು. ಟೀಚರ್ ಕೈ ಇನ್ನೂ ಅರ್ಧ ಎತ್ತಿದ್ದಂತೆಯೇ ಇತ್ತು.

ನಂತರ ಅವಳು ಮಾಡಿದ್ದನ್ನು ನಾನು ಆಮೇಲೆ ಎಷ್ಟೋ ಬಾರಿ ನೆನೆದಿದ್ದೇನೆ. ಕ್ಷಮೆ ಕೇಳಲಿಲ್ಲ, ಅಧ್ಯಕ್ಷರ ಹಿಂದೆ ಹೋಗಲಿಲ್ಲ. ನಮ್ಮ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಸಾರ್, ಮಧ್ಯಮ ಶ್ರುತಿ ಮಾಡ್ಕೊಳ್ಳಿ. ನಿಮ್ಮ ಮಧ್ಯಮ ನಮ್ಮ ಮಕ್ಕಳ ಷಡ್ಜ."

ಇದು ನಮ್ಮ ಸಂಗೀತದಲ್ಲಿ ಹಳೆಯ ಪದ್ಧತಿ. ಹೆಚ್ಚು ಮೇಲಕ್ಕೆ ಹೋಗದೆ ಕೆಳಗೇ ಸುಳಿದಾಡುವ ಹಾಡು ಬಂದಾಗ, ವಾದ್ಯ ಬದಲಿಸದೆ, ಅದರ ನಾಲ್ಕನೇ ಸ್ವರವಾದ ಮಧ್ಯಮವನ್ನೇ ಷಡ್ಜ ಎಂದು ಹಿಡಿದು ಎಲ್ಲವನ್ನೂ ಅಲ್ಲಿಂದ ನುಡಿಸುವುದು. ಪಿಟೀಲಿನವರು ಪಂಚಮದ ತಂತಿಯನ್ನು ಸ್ವಲ್ಪ ಇಳಿಸಿಕೊಂಡರೆ ಆಯಿತು. ಮೃದಂಗ ಇದ್ದ ಹಾಗೇ ಹೊಂದಿಕೊಳ್ಳುತ್ತದೆ. ಬೆರಳುಗಳು ಮಾತ್ರ ಕಲಿತದ್ದನ್ನು ಮರೆತು ಹೊಸ ದಾರಿ ಹಿಡಿಯಬೇಕು. ಮೇಷ್ಟ್ರಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೆ ಅವರಿಗೆ ಕ್ರಮ ದೊಡ್ಡದು.

"ಮಧ್ಯಮ ಶ್ರುತಿ ಕಚೇರಿಯ ಕೊನೇಲಿ ಬರ್ಬೇಕಾದ್ದು," ಎಂದರು.

"ಕೊನೇಲೇ ಇದೀವಿ ಸಾರ್," ಎಂದರು ಕ್ಯಾಷಿಯರ್. "ಆಗ್ಲೇ ಎದ್ದು ನಿಂತಿದಾರೆ ನೋಡಿ."

ತಂತಿ ಇಳಿಸಲು ಸಮಯ ಬೇಕು. ಅಧ್ಯಕ್ಷರು ಚಪ್ಪಲಿ ಹುಡುಕುತ್ತಿದ್ದರು. ನಾನು ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡೇ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ: "ಕೂತ್ಕೊಳ್ಳಿ. ಬೆಲ್ ಆಗಿಲ್ಲ."

ಅವರು ಕೂತರು. ಯಾಕೆ ಕೂತೆ ಎಂದು ಅವರಿಗೇ ಆಶ್ಚರ್ಯವಾದಂತೆ ಕಂಡಿತು. ಮಕ್ಕಳ ಸಾಲಿನಲ್ಲಿ ಕಿಸಿಕಿಸಿ ನಗು ಹರಿದಾಡಿತು.

ಮೇಷ್ಟ್ರು ಬಿರಡೆ ತಿರುಗಿಸತೊಡಗಿದರು. ನಾನೂ ತಿರುಗಿಸಿದೆ. ವೀಣೆ ಅಕ್ಕ, "ನನ್ನ ಪಕ್ಕದ ತಾಳದ ತಂತಿ ಮುಟ್ಟಲ್ಲ ಬಿಡಿ, ಮುಖ್ಯ ತಂತಿ ಮಾತ್ರ ಮೀಟ್ತೀನಿ," ಎಂದರು. ಕ್ಲಾರಿಯೊನೆಟ್ಟಿನವರು ಸದ್ದಿಲ್ಲದೆ ಬೆರಳಾಡಿಸಿ ಹೊಸ ದಾರಿ ನೋಡಿಕೊಂಡು, "ಆಗುತ್ತೆ ಆಗುತ್ತೆ, ಮದುವೆ ಮನೇಲಿ ಇದಕ್ಕಿಂತ ಕಷ್ಟದ್ದು ಕೇಳ್ತಾರೆ," ಎಂದರು. ಸಾಮಾನ್ಯವಾಗಿ ಶ್ರುತಿ ಮಾಡಿಕೊಳ್ಳುವ ಹೊತ್ತು ಮಕ್ಕಳಿಗೆ ಬೇಸರದ ಹೊತ್ತು. ಟೀಚರ್ ಅದನ್ನೂ ಬಿಡಲಿಲ್ಲ.

"ಮಕ್ಕಳೇ, ಅವರ ತಂತಿ ನಿಮ್ಮನ್ನ ಹುಡುಕ್ತಾ ಇದೆ. ನೀವು ಎಲ್ಲಿದೀರಿ ಅಂತ ಹೇಳಿ. ಸಾ..."

ಮಕ್ಕಳು ಅವರ ಷಡ್ಜವನ್ನು ಹಿಡಿದರು. ಕಿರುಚಿ ಅಲ್ಲ, ಬಾಯಿ ಮುಚ್ಚಿ ಗುಂಯ್ ಎನ್ನುವಂತೆ. ಹಾಲು ಪೂರ್ತಿ ತುಂಬಿತು. ನನ್ನ ತಂತಿ ಮೇಲಿನಿಂದ ಇಳಿಯುತ್ತಾ ಇಳಿಯುತ್ತಾ ಬಂದು ಆ ಗುಂಯ್‌ಗುಟ್ಟುವಿಕೆಯೊಳಗೆ ಸೇರಿ ಕಾಣದಾಯಿತು. ಅಷ್ಟು ವರ್ಷ ತಂಬೂರಿಗೆ, ಎಲೆಕ್ಟ್ರಿಕ್ ಶ್ರುತಿಪೆಟ್ಟಿಗೆಗೆ ತಂತಿ ಸೇರಿಸಿದ್ದೇನೆ. ಮಕ್ಕಳಿಗೆ ಸೇರಿಸಿದ್ದು ಅದೇ ಮೊದಲು. ಮೇಷ್ಟ್ರು ತಲೆ ಎತ್ತಿ, "ಬಿಡಬೇಡಿ, ಹಿಡ್ಕೊಂಡಿರಿ, ಹಾಂ, ಹಾಗೇ," ಎಂದರು. ಅವರ ದನಿ ಬದಲಾಗಿತ್ತು.

ಹಾಡು ಮತ್ತೆ ಶುರುವಾಯಿತು. ಹುಡುಗಿಯರು ಕೇಳುವುದು, ಹುಡುಗರು ಉತ್ತರ ಹೇಳುವುದು:

"ಭದ್ರೆ ಭದ್ರೆ ಎಲ್ಲಿಂದ ಬಂದೆ?"

"ಬೆಟ್ಟದ ಮನೆಯಿಂದ ಓಡೋಡಿ ಬಂದೆ!"

"ಓಡುತ ಓಡುತ ಏನೇನು ತಂದೆ?"

"ಊರಿಗೆಲ್ಲ ನೀರು, ಮಕ್ಕಳಿಗೆ ಈಜು, ಕೊಡುತ್ತ ಬಂದೆ!"

ಈಜು ಎಂಬಲ್ಲಿ ಹುಡುಗರು ಬೇಕೆಂದೇ ಜೋರು ಮಾಡಿದರು. ಅಲ್ಲಿ ನಿಜವಾಗಿ ಈಜಲು ಹೋಗಿ ಒದೆ ತಿಂದವರು ಎಷ್ಟು ಜನರಿದ್ದರೋ. ಬುಧವಾರದ ನುಣುಪು ನಮ್ಮ ವಾದ್ಯಗಳಲ್ಲಿ ಈಗ ಇರಲಿಲ್ಲ. ನಾನು ಎರಡು ಕಡೆ ಹಳೆಯ ದಾರಿಗೇ ಹೋಗಿ ಅಪಸ್ವರ ಹಿಡಿದೆ. ಕ್ಯಾಷಿಯರ್ ಒಂದು ಸಾಲು ಪೂರ್ತಿ ನುಡಿಸದೆ ಕೊಳಲನ್ನು ಬಾಯಿಗೆ ಹಿಡಿದು ನುಡಿಸುವವರಂತೆ ನಟಿಸಿದರು. ಯಾರಿಗೂ ಅದು ಕೇಳಿಸಲಿಲ್ಲ. ಕೇಳಿಸುತ್ತಿದ್ದದ್ದು ಮಕ್ಕಳು. ಮುಗಿದ ಕೂಡಲೇ ಯಾರೂ ಹೇಳದೆ ಅವರೇ ಮತ್ತೆ ಮೊದಲಿನಿಂದ ಎತ್ತಿಕೊಂಡರು. ಮೂರನೇ ಸಲ ಹುಡುಗಿಯರು ಉತ್ತರವನ್ನೂ ಕಸಿದುಕೊಂಡರು. ಬಾಗಿಲಲ್ಲಿ ಸೆರಗು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದ ಆಯಾ ಕೂಡ ತಲೆದೂಗುತ್ತಿದ್ದಳು. ಕ್ಲಾರಿಯೊನೆಟ್ಟಿನವರು ಕೊನೆಯ ಸಾಲಿಗೆ ಬ್ಯಾಂಡಿನ ಒಂದು ಕೊಂಕು ಸೇರಿಸಿ ಮುಗಿಸಿದರು. ಬೇರೆ ದಿನವಾಗಿದ್ದರೆ ಮೇಷ್ಟ್ರು ಬೈಯುತ್ತಿದ್ದರು. ಅಂದು ನಕ್ಕರು.

ಅಧ್ಯಕ್ಷರು ಚಪ್ಪಾಳೆ ತಟ್ಟಿದ್ದು ಕಡಿಮೆ. ಎದ್ದು ಬಂದು ಟೀಚರ್ ಹತ್ತಿರ ನಿಂತು, "ಮೊದಲನೇ ಸಲ ಯಾಕೆ ಆಗ್ಲಿಲ್ಲ?" ಎಂದು ಕೇಳಿದರು.

"ನಾವು ಬಾವಿಯೊಳಗೆ ನಿಂತು ಕರೆದ್ವಿ ಸಾರ್. ಮಕ್ಕಳಿಗೆ ಇಳಿಯೋಕಾಗ್ಲಿಲ್ಲ. ಆಮೇಲೆ ನಾವೇ ಮೇಲೆ ಹತ್ತಿ ಬಂದ್ವಿ," ಎಂದಳು.

"ಅಂದ್ರೆ ಮಕ್ಕಳದೇನೂ ತಪ್ಪಿಲ್ಲ."

"ಮಕ್ಕಳದೇನೂ ಇಲ್ಲ ಸಾರ್."

ಅವರು ಜೇಬಿನಿಂದ ಸ್ಕೂಟರಿನ ಕೀ ತೆಗೆದರು. "ನಮ್ಮಲ್ಲೂ ಹಂಗೇ. ಅಚ್ಚು ಸರಿ ಇಲ್ದಿದ್ರೆ ಲೋಹಾನ ಬೈತಾರೆ, ದಡ್ಡರು." ಆಮೇಲೆ ಹೆಡ್‌ಮಾಸ್ಟರರ ಕಡೆ ತಿರುಗಿದರು. "ಸಾರ್, ಸಂಗೀತ ಇರ್ಲಿ. ಆದ್ರೆ ಗಣಿತಕ್ಕೆ ಅಂತ ಹಾಕಿದ ಪೀರಿಯಡ್ ಒಂದೂ ಕಡಿಮೆ ಆಗಬಾರ್ದು."

ಟೀಚರ್ ಮುಖದ ಮೇಲೆ ಬಂದ ಬೆಳಕು ಹೆಡ್‌ಮಾಸ್ಟರರ ಉತ್ತರಕ್ಕೆ ಅಲ್ಲೇ ನಿಂತಿತು.

"ಜಾಗ ಎಲ್ಲಿದೆ ಸಾರ್? ಎರಡು ವಾರದಿಂದ ಟೈಂಟೇಬಲ್ ಹಿಡ್ಕೊಂಡು ಕೂತಿದೀನಿ. ಒಂದು ಮನೆ ಖಾಲಿ ಇಲ್ಲ."

"ಜಾಗ ಇಲ್ಲ ಅಂದ್ರೆ ನಾನೇನು ಮಾಡ್ಲಿ? ಜಾಗ ಇದ್ರೆ ಇಟ್ಕೊಳ್ಳಿ, ಇಲ್ದಿದ್ರೆ ಇಲ್ಲ," ಎನ್ನುತ್ತಾ ಅಧ್ಯಕ್ಷರು ಹೊರಗೆ ನಡೆದು ಸ್ಕೂಟರಿಗೆ ಕಿಕ್ ಹೊಡೆದರು.

ಟೈಂಟೇಬಲ್ಲಿನಲ್ಲಿ ಜಾಗ ಇಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಮೂವತ್ತು ವರ್ಷದಲ್ಲಿ ಇಪ್ಪತ್ತು ವರ್ಷ ನಮ್ಮ ಹೈಸ್ಕೂಲಿನ ಟೈಂಟೇಬಲ್ ನಾನೇ ಮಾಡಿದ್ದು. ಸ್ಟಾಫ್‌ರೂಮಿಗೆ ಹೋಗಿ ಹೆಡ್‌ಮಾಸ್ಟರರ ಹಾಳೆಯ ಒಂದು ಪ್ರತಿ ಇಸಿದುಕೊಂಡೆ. ಸಂಜೆಯೊಳಗೆ ಫೋನು ಮಾಡಿದರೆ ನೋಡುತ್ತೇನೆ, ಸೋಮವಾರ ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಅಂಟಿಸಿಬಿಡುತ್ತೇನೆ ಎಂದರು ಅವರು. ಟೀಚರ್ ತನ್ನ ಪಕ್ಕದ ಮನೆಯ ಫೋನ್ ನಂಬರನ್ನು ನನ್ನ ಅಂಗೈಗೇ ಬರೆದಳು.

ಹೊರಗೆ ಮುಟ್ಟಿ ನೋಡುವ ಹೊತ್ತು ಶುರುವಾಗಿತ್ತು. ಕ್ಲಾರಿಯೊನೆಟ್ಟಿನ ಮುಂದೆಯೇ ಅತಿ ಉದ್ದದ ಸಾಲು. ಒಬ್ಬಳು ಪುಟ್ಟ ಹುಡುಗಿ ಕೆನ್ನೆ ಉಬ್ಬಿಸಿ ಊದಿದಳು, ಬಾತುಕೋಳಿಯ ಕೂಗು ಹೊರಟಿತು. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು. ಹಿರಿಯರು ಪ್ರತಿ ಬಾರಿಯೂ ಕರವಸ್ತ್ರದಿಂದ ಬಾಯಿಯ ತುದಿ ಒರೆಸಿ ಕೊಡುತ್ತಿದ್ದರು. "ಊದು ಕಣ್ಣು," ಎಂದು ತಮಿಳಿನ ಮುದ್ದುಮಾತಿನಲ್ಲಿ ಹುರಿದುಂಬಿಸುತ್ತಿದ್ದರು. "ಹೆದರ್ಬೇಡ. ನಾನು ಮೊದಲು ಊದಿದಾಗ ನಮ್ಮ ಬೀದಿ ನಾಯಿ ಎಲ್ಲ ಬಂದ್ವು."

ಚಿತ್ರಾನ್ನ, ಮಜ್ಜಿಗೆ ಕೊಟ್ಟರು. ತಿಂದು ವ್ಯಾನು ಹತ್ತಿದೆವು. ದಾರಿಯುದ್ದಕ್ಕೂ ಮೇಷ್ಟ್ರು ಮಧ್ಯಮ ಶ್ರುತಿಯಲ್ಲಿ ಹಾಡಬಹುದಾದ ಮಟ್ಟುಗಳನ್ನು ಗುನುಗುತ್ತಿದ್ದರು.

"ಸಾರ್, ಅದು ಕೊನೇಲಿ ಬರ್ಬೇಕಾದ್ದು ಅಲ್ವಾ?" ಎಂದರು ಕ್ಯಾಷಿಯರ್.

"ನೀನು ಸುಮ್ನೆ ಕೂರು. ಒಂದು ಸಾಲು ನುಡಿಸ್ದೆ ಬರೀ ಬಾಯಿ ಆಡಿಸಿದ್ದು ನನಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ?"

ವ್ಯಾನಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡ್ರೈವರ್ ಏನೂ ಗೊತ್ತಾಗದೆಯೂ ನಕ್ಕ.

ಮನೆಗೆ ಬಂದು ಕೈಕಾಲು ತೊಳೆದು, ಊಟದ ಮೇಜಿನ ಮೇಲೆ ಹಾಳೆ ಹರಡಿದೆ. ಮೊದಲ ನೋಟಕ್ಕೆ ಹೆಡ್‌ಮಾಸ್ಟರರು ಹೇಳಿದ್ದು ಸರಿಯೇ ಅನ್ನಿಸಿತು. ಆದರೆ ಅವರು ಪ್ರತಿ ತರಗತಿಯ 'ಎ' ಮತ್ತು 'ಬಿ' ಸೆಕ್ಷನ್ನಿಗೆ ಬೇರೆ ಬೇರೆಯಾಗಿ ಸಂಗೀತ ಕೂರಿಸಲು ನೋಡಿದ್ದರು. ಗಣಿತವನ್ನು ದೊಡ್ಡ ಗುಂಪಿಗೆ ಕಲಿಸುವುದು ಕಷ್ಟ, ಹಿಂದೆ ಕೂತವನಿಗೆ ತಲುಪುವುದಿಲ್ಲ. ಹಾಡಿಗೆ ಗುಂಪು ದೊಡ್ಡದಾದಷ್ಟೂ ಒಳ್ಳೆಯದು, ಅಂಜುಬುರುಕನೂ ಬಾಯಿ ಬಿಡುತ್ತಾನೆ. ಎರಡು ಸೆಕ್ಷನ್ನನ್ನು ಒಟ್ಟಿಗೆ ಹಾಲಿನಲ್ಲಿ ಕೂರಿಸಿದರೆ ಬೇಕಾಗುವ ಪೀರಿಯಡ್ಡು ಅರ್ಧಕ್ಕೆ ಇಳಿಯಿತು. ಆ ಅರ್ಧಕ್ಕೂ ಜಾಗ ಹುಡುಕಬೇಕಿತ್ತು. ಕ್ರಾಫ್ಟ್ ಎಂದು ಬರೆದಿದ್ದ ಮನೆಗಳ ಎದುರು ಯಾರ ಹೆಸರೂ ಇರಲಿಲ್ಲ. ಲೈಬ್ರರಿ ಎಂದು ಬರೆದದ್ದರ ಎದುರೂ ಇರಲಿಲ್ಲ. ಪೆನ್ಸಿಲಿನಲ್ಲಿ ತುಂಬಿದೆ. ಒಬ್ಬರೇ ಟೀಚರ್ ಒಂದೇ ಹೊತ್ತಿಗೆ ಎರಡು ಕಡೆ ಬೀಳುತ್ತಾರೆಯೇ ಎಂದು ಅಡ್ಡಕ್ಕೂ ಉದ್ದಕ್ಕೂ ನೋಡಿದೆ. ಆರನೇ ತರಗತಿಯಲ್ಲಿ ಒಂದು ಕಡೆ ಹಿಂದಿಯನ್ನೂ ಆಟವನ್ನೂ ಅದಲುಬದಲು ಮಾಡಬೇಕಾಯಿತು. ಗಣಿತದ ಮನೆಗಳನ್ನು ಮುಟ್ಟಲೇ ಇಲ್ಲ.

ಯಜಮಾನರು ನಿದ್ದೆ ಮುಗಿಸಿ ಬಂದು ಹೆಗಲ ಮೇಲಿಂದ ನೋಡಿದರು. "ರಿಟೈರ್ ಆದ್ಮೇಲೂ ಬಿಡಲ್ವೇನೇ ಇದನ್ನ?"

"ಕಾಫಿ ಮಾಡಿ," ಎಂದೆ. ಮಾಡಿದರು.

ಹೆಡ್‌ಮಾಸ್ಟರರಿಗೆ ಫೋನು ಮಾಡಿ ಒಂದೊಂದೇ ಮನೆ ಓದಿ ಹೇಳಿದೆ. ಅವರು ಆ ಕಡೆ ತಮ್ಮ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾ ಬಂದರು. ಸೆಕ್ಷನ್ ಸೇರಿಸುವುದಕ್ಕೆ ಒಪ್ಪಿದರು. ಕ್ರಾಫ್ಟಿಗೂ ಒಪ್ಪಿದರು, ಕ್ರಾಫ್ಟ್ ಮೇಷ್ಟ್ರು ನಿವೃತ್ತರಾಗಿ ಬೇರೆಯವರು ಬಂದಿರಲಿಲ್ಲ. ಲೈಬ್ರರಿಗೆ ಬಂದಾಗ ತಡೆದರು.

"ಅದು ಬೇಡ ಮೇಡಂ. ಓದೋ ಹವ್ಯಾಸ ತಪ್ಪಿಸ್ಬಾರ್ದು."

"ಸರಿ ಸಾರ್. ಲೈಬ್ರರಿ ಬೀಗದ ಕೈ ಯಾರ ಹತ್ರ ಇದೆ?"

ಆ ಕಡೆ ಡ್ರಾಯರ್ ಎಳೆದು ಹುಡುಕುವ ಸದ್ದು ಕೇಳಿಸಿತು. ಆಮೇಲೆ ಅವರು ಗಟ್ಟಿಯಾಗಿ ನಕ್ಕರು. "ಹಾಕ್ಕೊಳ್ಳಿ ಮೇಡಂ. ಬೀಗದ ಕೈ ಸಿಕ್ಕಿದ ದಿನ ವಾಪಸ್ ಕೊಡಿ."

ಆಮೇಲೆ ಅಂಗೈಯ ನಂಬರಿಗೆ ಮಾಡಿದೆ. ಅರ್ಧ ಅಳಿಸಿತ್ತು, ಕೊನೆಯ ಅಂಕೆ ಒಂದೋ ಏಳೋ ತಿಳಿಯಲಿಲ್ಲ. ಒಂದಕ್ಕೆ ಮಾಡಿದರೆ ಹಿಟ್ಟಿನ ಗಿರಣಿ ಸಿಕ್ಕಿತು. ಏಳಕ್ಕೆ ಮಾಡಿದೆ. ಪಕ್ಕದ ಮನೆಯಾಕೆ, "ಒಂದ್ನಿಮಿಷ ಇರಿ, ಕೂಗ್ತೀನಿ," ಎಂದು ಕಾಂಪೌಂಡಿನ ಮೇಲಿಂದ ಕರೆದದ್ದು ಕೇಳಿಸಿತು. ಓಡಿ ಬಂದ ಏದುಸಿರು.

"ಮೇಡಂ?"

"ಪೆನ್ಸಿಲ್ ಇದೆಯೇನೇ?"

"ಇಲ್ಲ, ಇರಿ, ಅಕ್ಕಾ ಒಂದು ಪೆನ್ಸಿಲ್ ಕೊಡ್ರೀ... ಹೂಂ ಹೇಳಿ ಮೇಡಂ."

"ಐದನೇ ತರಗತಿ, ಎರಡೂ ಸೆಕ್ಷನ್ ಸೇರಿ, ಮಂಗಳವಾರ ಮೂರನೇ ಪೀರಿಯಡ್, ಶುಕ್ರವಾರ ಐದನೇದು. ಆರನೇ ತರಗತಿ..."

"ಮೇಡಂ, ಸ್ವಲ್ಪ ನಿಧಾನ. ಇವರ ಮನೆ ಕ್ಯಾಲೆಂಡರ್ ಮೇಲೆ ಬರೀತಿದೀನಿ."

ನಿಧಾನವಾಗಿ ಹೇಳಿದೆ. ಅವಳು ಪ್ರತಿಯೊಂದನ್ನೂ ನನಗೆ ತಿರುಗಿ ಓದಿ ಹೇಳಿದಳು. ಏಳನೇ ತರಗತಿಗೆ ಬಂದಾಗ ಓದುತ್ತಾ ಓದುತ್ತಾ ನಗತೊಡಗಿದಳು, ಹಿಂದಿನಿಂದ ಪಕ್ಕದ ಮನೆಯಾಕೆ, "ಏನಾಯ್ತೇ ಮಾರಾಯ್ತಿ, ಗಂಡು ಗೊತ್ತಾಯ್ತಾ?" ಎಂದು ಕೇಳುವುದು ನನಗೂ ಕೇಳಿಸಿತು.

"ಇಲ್ಲ ಅಕ್ಕಾ, ಪೀರಿಯಡ್ ಸಿಕ್ತು!"

ಫೋನಿಟ್ಟು ಮೇಜಿಗೆ ಬಂದೆ. ಪೆನ್ಸಿಲಿನಲ್ಲಿ ಬರೆದಿದ್ದ ಆರೂ ಮನೆಗಳ ಮೇಲೆ ಇಂಕಿನಲ್ಲಿ 'ಸಂಗೀತ' ಎಂದು ಬರೆದೆ, ಒಣಗುವವರೆಗೆ ಊದಿದೆ, ರಬ್ಬರಿನ ಪುಡಿ ಕೊಡವಿ ಹಾಳೆಯನ್ನು ಮಡಿಸಿ ಇಟ್ಟೆ.